ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಕೊಡಗಿನ ಬೇರೆ ಬೇರೆ ಪ್ರೌಢಶಾಲೆಗಳಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತ ಬಂದಿರುವ ನನಗೆ ಪೋಷಕರ ಸಭೆಗಳಲ್ಲಿ ಅತಿ ಹೆಚ್ಚು ಎದುರಾಗಿರುವ ಪ್ರಶ್ನೆ ಒಂದೇ: ಮಗಳು ರಾತ್ರಿ ಹನ್ನೊಂದರವರೆಗೂ ಪುಸ್ತಕ ಹಿಡಿದು ಕೂತಿರುತ್ತಾಳೆ, ಆದರೂ ಅಂಕ ಏಕೆ ಬರುವುದಿಲ್ಲ? ಕೇಳುವವರು ನಾಪೋಕ್ಲು ಕಡೆಯ ಕಾಫಿ ಬೆಳೆಗಾರರಿರಬಹುದು, ಸಿದ್ದಾಪುರ ಕಡೆಯ ಲೈನ್‌ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆಯಿಂದ) ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿಯಿರಬಹುದು. ಇಬ್ಬರ ಕಳವಳವೂ ಒಂದೇ. ಆ ಮಗು ಓದುತ್ತೇನೆಂದು ಸುಳ್ಳು ಹೇಳುತ್ತಿಲ್ಲ, ತಾಯಿಯೂ ಉತ್ಪ್ರೇಕ್ಷೆ ಮಾಡುತ್ತಿಲ್ಲ. ಆಕೆ ಕೂತಿರುವುದೂ ನಿಜ, ಓದುತ್ತಿರುವುದೂ ನಿಜ. ತೊಡಕಿರುವುದು ಓದುವ ಕ್ರಮದಲ್ಲಿ. ಅದನ್ನು ತಿದ್ದಿಕೊಳ್ಳಲು ದುಡ್ಡು ಬೇಡ, ಟ್ಯೂಷನ್ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಆ ಮೂರು ನಾಲ್ಕು ಗಂಟೆಗಳಲ್ಲಿ ಏನು ಮಾಡಿದೆಯೆಂದು ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ವಿಚಾರಿಸಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪಾಠವನ್ನು ಎರಡು ಮೂರು ಸಲ ಓದಿದೆ, ಮುಖ್ಯವಾದ ಸಾಲುಗಳಿಗೆ ಹಳದಿ ಬಣ್ಣ ಬಳಿದೆ, ಗೈಡಿನಲ್ಲಿರುವ ಪ್ರಶ್ನೋತ್ತರಗಳನ್ನು ನೋಟ್ಸಿಗೆ ಇಳಿಸಿಕೊಂಡೆ. ಇವೆಲ್ಲ ಶ್ರಮದ ಕೆಲಸಗಳೇ, ಸಂದೇಹವಿಲ್ಲ. ಆದರೆ ಈ ಮೂರರಲ್ಲಿಯೂ ಪುಸ್ತಕ ಕಣ್ಣೆದುರಿಗೆ ತೆರೆದೇ ಇರುತ್ತದೆ. ಎರಡನೆಯ ಸಲ ಓದುವಾಗ ಸಾಲುಗಳು ಪರಿಚಿತವೆನಿಸುತ್ತವೆ, ಮೂರನೆಯ ಸಲ ಮುಂದಿನ ವಾಕ್ಯ ಏನೆಂಬುದು ಮೊದಲೇ ಹೊಳೆಯುತ್ತದೆ, ಆ ಪರಿಚಯವನ್ನೇ ಮಗು ತಿಳಿವಳಿಕೆಯೆಂದು ನಂಬಿ ನೆಮ್ಮದಿಯಿಂದ ಮಲಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಕೇಳುವುದು ಪರಿಚಯವನ್ನಲ್ಲ. ಅಲ್ಲಿ ಪುಟವಿಲ್ಲ, ಹಳದಿ ಗೆರೆಯಿಲ್ಲ. ಬರಿಯ ಹಾಳೆಯ ಮುಂದೆ ಕೂತು, ಒಳಗಿರುವುದನ್ನು ತಾನೇ ಹುಡುಕಿ ಹೊರತೆಗೆಯಬೇಕು. ಹೊರತೆಗೆಯುವ ಕೆಲಸವನ್ನು ವರ್ಷವಿಡೀ ಒಮ್ಮೆಯೂ ಅಭ್ಯಾಸ ಮಾಡದ ಮಗು ಮಾರ್ಚ್ ತಿಂಗಳಿನ ಆ ಮೂರು ಗಂಟೆಗಳಲ್ಲಿ ಅದನ್ನು ಮೊದಲ ಬಾರಿಗೆ ಮಾಡಲು ಹೊರಡುತ್ತದೆ.

ಇದು ಕೇವಲ ಒಬ್ಬ ಶಿಕ್ಷಕಿಯ ಅನುಭವದ ಮಾತಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಸರಳವಾಗಿದೆ. ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟು, ಒಂದನ್ನು ಮತ್ತೊಮ್ಮೆ ಓದಲು ಹೇಳಿದರು, ಇನ್ನೊಂದನ್ನು ಹಾಳೆ ತೆಗೆದಿಟ್ಟು ನೆನಪಿರುವಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮೇಲಾಗಿತ್ತು: ಶೇಕಡಾ 81ಕ್ಕೆ ಎದುರಾಗಿ 75. ಆದರೆ ಒಂದು ವಾರ ಕಳೆದು ಪರೀಕ್ಷಿಸಿದಾಗ ಲೆಕ್ಕ ತಿರುವುಮುರುವಾಯಿತು. ಮತ್ತೆ ಓದಿದ ಭಾಗದಲ್ಲಿ ಉಳಿದದ್ದು ಶೇಕಡಾ 42, ನೆನಪಿಸಿಕೊಂಡು ಬರೆದ ಭಾಗದಲ್ಲಿ ಶೇಕಡಾ 56. ಅದೇ ಅಧ್ಯಯನದ ಎರಡನೆಯ ಪ್ರಯೋಗದಲ್ಲಿ ಒಂದು ಗುಂಪು ನಾಲ್ಕು ಸಲವೂ ಓದುವುದನ್ನೇ ಮಾಡಿತು, ಮತ್ತೊಂದು ಗುಂಪು ಒಮ್ಮೆ ಓದಿ ಮೂರು ಸಲ ನೆನಪಿಸಿಕೊಂಡಿತು. ವಾರದ ನಂತರ ಮೊದಲನೆಯ ಗುಂಪಿಗೆ ಶೇಕಡಾ 40ರಷ್ಟು, ಎರಡನೆಯದಕ್ಕೆ 61ರಷ್ಟು ನೆನಪಿತ್ತು. ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ. ನಿಮಗೆ ಇದು ಎಷ್ಟು ನೆನಪುಳಿಯಬಹುದು ಎಂದು ಮೊದಲೇ ಕೇಳಿದಾಗ, ಹೆಚ್ಚು ಭರವಸೆಯಿಂದ ಉತ್ತರಿಸಿದ್ದು ಬರಿದೇ ಓದಿದ ಗುಂಪು. ನಮ್ಮ ಮಕ್ಕಳು "ಎಲ್ಲಾ ಓದಿದ್ದೆ ಮೇಡಂ, ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಮರೆತುಹೋಯಿತು" ಎಂದು ಕಣ್ಣೀರು ಹಾಕುವುದರ ಹಿಂದಿನ ಕಾರಣ ಇದೇ.

ಹಾಗೆ ನೋಡಿದರೆ ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯೇನಲ್ಲ. ಮಗ್ಗಿಯನ್ನು, ಪದ್ಯವನ್ನು, ಪಾಠವನ್ನು ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಒಪ್ಪಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿತ್ತು, ಮನೆಗಳಲ್ಲಿಯೂ ಇತ್ತು. ಅದನ್ನು ಬಾಯಿಪಾಠವೆಂದು ಹಳಿದು ಬಿಟ್ಟುಬಿಡುವ ಭರದಲ್ಲಿ ಅದರೊಳಗಿದ್ದ ಒಳ್ಳೆಯ ಅಂಶವನ್ನೂ ಬಿಟ್ಟುಬಿಟ್ಟೆವೆಂದು ನನಗೆ ಅನಿಸುತ್ತದೆ. ಅರ್ಥವಾಗದ ವಾಕ್ಯವನ್ನು ಗಿಳಿಯಂತೆ ಉರು ಹೊಡೆಯುವುದು ಖಂಡಿತ ದೋಷವೇ. ಪ್ರಶ್ನೆಯ ಒಂದು ಪದ ಬದಲಾದರೂ ಅಂಥ ಮಗು ತಬ್ಬಿಬ್ಬಾಗುತ್ತದೆ. ಆದರೆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟು, ತಿಳಿದದ್ದನ್ನು ನೆನಪಿನಿಂದ ಎತ್ತಿ ಹೇಳುವ ಕ್ರಮದಲ್ಲಿ ದೋಷವಿರಲಿಲ್ಲ. ಒಪ್ಪಿಸುವುದು ಉಳಿಯಬೇಕು, ಒಪ್ಪಿಸುವ ವಿಷಯ ಮಾತ್ರ ಗೈಡಿನ ವಾಕ್ಯದ ಬದಲು ಮಗುವಿನ ಸ್ವಂತ ವಾಕ್ಯವಾಗಬೇಕು.

ಇಲ್ಲಿ ಕೊಡಗಿನ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಒಂದು ತರಗತಿಯಲ್ಲಿ ಕೂತಿರುವ ಮಕ್ಕಳ ಮನೆಮಾತುಗಳನ್ನು ಎಣಿಸಿದರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಯರವ ಭಾಷೆ, ಜೇನುಕುರುಬರ ಮಾತು, ಕನ್ನಡ ಎಲ್ಲವೂ ಸಿಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಅವರೆಲ್ಲರ ಪಠ್ಯಪುಸ್ತಕ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ನಮಗೆ ಓದು ಬರುವುದಿಲ್ಲ, ನಾವು ಮಗುವಿಗೆ ಏನು ಹೇಳಿಕೊಡಲಿ ಎಂದು ಕೈಚೆಲ್ಲುವ ತಾಯಂದಿರಿಗೆ ನಾನು ಹೇಳುವುದಿಷ್ಟೇ: ನೀವು ಹೇಳಿಕೊಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಒಲೆಯ ಮುಂದೆ ಕೂತಾಗ ಇವತ್ತು ಶಾಲೆಯಲ್ಲಿ ಏನಾಯಿತೆಂದು ಕೇಳಿ, ಮಗು ಪಾಠವನ್ನು ನಿಮ್ಮ ಮಾತಿನಲ್ಲಿ ಹೇಳಲಿ. ಎಲೆಯು ಬೆಳಕಿನಿಂದ ಆಹಾರ ತಯಾರಿಸುವ ಬಗೆಯನ್ನು ಅರೆಭಾಷೆಯಲ್ಲಿ ಅಜ್ಜಿಗೆ ಅರ್ಥವಾಗುವಂತೆ ಹೇಳಬಲ್ಲ ಹುಡುಗನಿಗೆ ಆ ಪಾಠ ನಿಜವಾಗಿ ಬರುತ್ತದೆ. ಎಲ್ಲಿ ತಡವರಿಸುತ್ತಾನೋ, "ಅದು ಹಾಗೇ" ಎಂದು ಎಲ್ಲಿ ಹಾರಿಸಿಬಿಡುತ್ತಾನೋ ಅಲ್ಲಿ ಅವನಿಗೆ ತಿಳಿದಿಲ್ಲ. ಅಕ್ಷರ ಬಾರದ ತಾಯಿಗೂ ಆ ತಡವರಿಕೆ ಗೊತ್ತಾಗುತ್ತದೆ. ನಂತರ ಅದೇ ವಿಷಯವನ್ನು ಪುಸ್ತಕ ಮುಚ್ಚಿಟ್ಟು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಎರಡನೆಯ ಹೆಜ್ಜೆ. ಮನೆಮಾತು ಬೇರೆಯಿರುವ ಮಕ್ಕಳು ಈ ಎರಡನೆಯ ಹೆಜ್ಜೆಯನ್ನು ಬಿಡಬಾರದು, ಏಕೆಂದರೆ ವಿಷಯ ಗೊತ್ತಿದ್ದೂ ವಾಕ್ಯ ಕಟ್ಟಲಾರದೆ ಅಂಕ ಕಳೆದುಕೊಳ್ಳುವವರಲ್ಲಿ ಅವರೇ ಹೆಚ್ಚು.

ಏಕೆ ಎಂದು ಕೇಳಿಕೊಳ್ಳುವ ಅಭ್ಯಾಸವೂ ಇದರ ಜೊತೆಗೇ ಬರಬೇಕು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ತಾಮ್ರದ ಸಲ್ಫೇಟಿನ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಚಟುವಟಿಕೆಯೊಂದಿದೆ. ಮೊಳೆಯ ಮೇಲೆ ಕಂದುಬಣ್ಣ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಮಕ್ಕಳು ಇದನ್ನು "ಸ್ಥಾನಪಲ್ಲಟ ಕ್ರಿಯೆ" ಎಂದು ಕಂಠಪಾಠ ಮಾಡುತ್ತಾರೆ. ಇದೇ ಮಕ್ಕಳ ಮನೆಗಳಲ್ಲಿ ಮುಂಗಾರಿಗೆ ಮುಂಚೆ ಕರಿಮೆಣಸಿಗೂ ಅಡಿಕೆಗೂ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ ಸಿದ್ಧವಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಅದೇ ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ. ದ್ರಾವಣ ಹದವಾಗಿದೆಯೇ ಎಂದು ನೋಡಲು ಅಪ್ಪ ಕತ್ತಿಯ ಅಲಗನ್ನೋ ಚಾಕುವನ್ನೋ ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದೆಂದು ಇನ್ನಷ್ಟು ಹಾಕುತ್ತಾರೆ. ಆ ಕೆಂಪು ಬಣ್ಣವೇ ಕಬ್ಬಿಣದ ಮೇಲೆ ಕೂತ ತಾಮ್ರ, ಪುಸ್ತಕದಲ್ಲಿರುವ ಕ್ರಿಯೆ ಅದೇ. ಹುಳಿಮಣ್ಣಿಗೆ ಸುಣ್ಣ ಎರಚುವುದು ಎರಡನೆಯ ಅಧ್ಯಾಯದ ತಟಸ್ಥೀಕರಣ. ಇದನ್ನು ಯಾರಾದರೂ ಒಮ್ಮೆ ಜೋಡಿಸಿ ತೋರಿಸಿದ ಮೇಲೆ ಮರೆಯುವ ಮಗುವನ್ನು ನಾನು ಕಂಡಿಲ್ಲ. ಹೊಸದಾಗಿ ಓದಿದ್ದನ್ನು ಮೊದಲೇ ಗೊತ್ತಿರುವುದಕ್ಕೆ ಕಟ್ಟಿ ನಿಲ್ಲಿಸುವುದು, ಇದು ಏಕೆ ಹೀಗೆ ಎಂದು ತನ್ನನ್ನೇ ಕೇಳಿಕೊಳ್ಳುವುದು, ಇವೂ ಕಲಿಯಬಹುದಾದ ಅಭ್ಯಾಸಗಳು.

ಇನ್ನು ಮರೆವಿನ ವಿಚಾರ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಕಲಿತು, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಸಮಯ ಉಳಿತಾಯವಾಗುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚಿನದು ಕೈಬಿಟ್ಟಿತ್ತು, ಒಂದು ದಿನದ ನಂತರ ಉಳಿತಾಯ ಮೂರರಲ್ಲಿ ಒಂದು ಪಾಲಿನಷ್ಟು, ಒಂದು ತಿಂಗಳ ನಂತರ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಅರ್ಥವಿರುವ ಪಾಠ ಇಷ್ಟು ಬೇಗ ಜಾರುವುದಿಲ್ಲ, ನಿಜ. ಆದರೂ ಮರೆವು ಮೊದಲ ದಿನಗಳಲ್ಲಿಯೇ ಅತಿ ವೇಗವಾಗಿರುತ್ತದೆ ಎಂಬುದೂ, ಒಂದೇ ದಿನ ಹಲವು ಸಲ ಓದುವುದಕ್ಕಿಂತ ದಿನಗಳ ಮೇಲೆ ಹರಡಿ ಓದಿದರೆ ಹೆಚ್ಚು ಉಳಿಯುತ್ತದೆ ಎಂಬುದೂ ಅಲ್ಲಿಂದೀಚೆಗೆ ಮತ್ತೆ ಮತ್ತೆ ದೃಢಪಟ್ಟಿವೆ. ಅಂತರ ಎಷ್ಟಿರಬೇಕೆಂಬುದು ಪರೀಕ್ಷೆ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ಮುಂದಿನ ವಾರದ ಕಿರುಪರೀಕ್ಷೆಗಾದರೆ ಒಂದೆರಡು ದಿನದ ಅಂತರ ಸಾಕು, ಜೂನ್‌ನಲ್ಲಿ ಕಲಿತದ್ದು ಮಾರ್ಚ್‌ನಲ್ಲಿ ಬೇಕೆಂದಾದರೆ ಕೆಲವು ವಾರಗಳಿಗೊಮ್ಮೆ ಅದನ್ನು ಮರಳಿ ಎತ್ತಿಕೊಳ್ಳಬೇಕು.

ನಮ್ಮ ಜಿಲ್ಲೆಯ ವರ್ಷದ ಆಕಾರ ಇದಕ್ಕೆ ವಿರುದ್ಧವಾಗಿದೆ ಎಂದು ತೋರುವುದು ಸಹಜ. ಶಾಲೆ ತೆರೆದು ಪುಸ್ತಕ ಕೈಗೆ ಬರುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಜಿಲ್ಲಾಧಿಕಾರಿಗಳು ಘೋಷಿಸುವ ಮಳೆರಜೆಗಳು ಒಂದರ ಹಿಂದೆ ಒಂದು ಬರುತ್ತವೆ. ಭಾಗಮಂಡಲ, ಶಾಂತಳ್ಳಿ ಕಡೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆಗಳಲ್ಲಿ ಗುಡ್ಡ ಕುಸಿದಾಗ ಮಕ್ಕಳು ಪುಸ್ತಕ, ಬಟ್ಟೆ, ಮನೆ ಎಲ್ಲವನ್ನೂ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಉಳಿಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರಿನಲ್ಲಿ ದಸರಾ ಮತ್ತು ಕಾವೇರಿ ಸಂಕ್ರಮಣ, ನಂತರ ಸುಗ್ಗಿಹಬ್ಬವಾದ ಪುತ್ತರಿ. ಪುತ್ತರಿಯ ಆಸುಪಾಸಿನಲ್ಲಿ ಅರೇಬಿಕಾ ಕಾಫಿಯ ಕುಯ್ಲು ಶುರುವಾಗಿರುತ್ತದೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಕಾಫಿ ಹಣ್ಣಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುವಾಗಲೇ ಮನೆಯಲ್ಲಿ ಕುಯ್ಯುವ, ಒಣಗಿಸುವ, ರಾಶಿ ಕಾಯುವ ಕೆಲಸಕ್ಕೆ ಎಲ್ಲರೂ ಬೇಕು. ತೋಟದ ಕೂಲಿಯವರ ಮನೆಯಲ್ಲಾದರೆ ತಂದೆತಾಯಿ ಇಬ್ಬರೂ ತೋಟಕ್ಕೆ ಹೋದಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಭಾರ ಎಂಟು, ಒಂಬತ್ತನೆಯ ತರಗತಿಯ ಹುಡುಗಿಯ ಮೇಲೆ ಬೀಳುತ್ತದೆ. "ಕುಯ್ಲು ಮುಗಿಯಲಿ, ಆಮೇಲೆ ಕೂತು ಓದು" ಎಂಬುದು ಮನೆಮನೆಯ ಮಾತು. ಕುಯ್ಲು ಮುಗಿಯುವುದು ಫೆಬ್ರವರಿಯ ಕೊನೆಗೆ, ಪರೀಕ್ಷೆ ಮಾರ್ಚ್‌ನಲ್ಲಿ. ಹತ್ತು ತಿಂಗಳ ಪಾಠ ಮೂರು ವಾರಗಳಿಗೆ ಬಂದು ಕೂರುತ್ತದೆ.

ಆದರೆ ನೆನಪಿಸಿಕೊಳ್ಳುವ ಓದಿಗೆ ದೀರ್ಘವಾದ, ಅಡೆತಡೆಯಿಲ್ಲದ ಗಂಟೆಗಳು ಬೇಕಾಗಿಲ್ಲ. ಚೂರುಚೂರಾದ ಸಮಯವೇ ಅದಕ್ಕೆ ಹೆಚ್ಚು ಹೊಂದುತ್ತದೆ. ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬಯಸುವುದು ಇದನ್ನೇ. ಕುಟ್ಟ, ಶ್ರೀಮಂಗಲ ಕಡೆಯಿಂದ ಗೋಣಿಕೊಪ್ಪಲಿಗೆ ಬಸ್ಸಿನಲ್ಲಿ ಬರುವ ಹುಡುಗಿಗೆ ಹೋಗಿಬರುವ ಹಾದಿಯಲ್ಲಿ ದಿನಕ್ಕೆ ಒಂದೂವರೆ ಗಂಟೆಯಾದರೂ ಸಿಗುತ್ತದೆ. ತಿರುವುಗಳ ಹಾದಿಯಲ್ಲಿ ಪುಸ್ತಕ ಹಿಡಿದರೆ ತಲೆ ಸುತ್ತುತ್ತದೆ, ಆದರೆ ಪುಸ್ತಕ ಹಿಡಿಯಬೇಕೆಂದೇ ಇಲ್ಲ. ನಿನ್ನೆಯ ಪಾಠದ ಐದು ಮುಖ್ಯ ಅಂಶಗಳಾವುವು, ಕಳೆದ ವಾರ ಬರೆದ ನಕ್ಷೆಯ ಭಾಗಗಳಾವುವು ಎಂದು ಗೆಳತಿಯರು ಒಬ್ಬರನ್ನೊಬ್ಬರು ಕೇಳಿಕೊಂಡರೆ ಸಾಕು. ಹಣ್ಣು ಕುಯ್ಯುವ ಕೈಗೆ ಕೆಲಸವಿರುತ್ತದೆಯೇ ಹೊರತು ಬಾಯಿಗೆ ಬಿಡುವಿರುತ್ತದೆ. ಅಕ್ಕತಮ್ಮಂದಿರು ಒಂದೇ ಸಾಲಿನಲ್ಲಿ ನಿಂತು ತ್ರಿಕೋನಮಿತಿಯ ಅನುಪಾತಗಳನ್ನು ಒಪ್ಪಿಸಿಕೊಳ್ಳಬಹುದು. ಕರೆಂಟಿಲ್ಲದ ಮಳೆರಜೆಯ ದಿನ ನಡುಹಗಲ ಬೆಳಕಿನಲ್ಲಿ ಹಳೆಯ ಪಾಠಗಳಿಂದ ಮೂರು ಪ್ರಶ್ನೆ ಆರಿಸಿ, ಪುಸ್ತಕ ಮುಚ್ಚಿ ಉತ್ತರ ಬರೆದು, ನಂತರ ತೆರೆದು ತಿದ್ದಿಕೊಂಡರೆ ಅರ್ಧ ಗಂಟೆ ಹಿಡಿಯುತ್ತದೆ. ನಮ್ಮ ವರ್ಷ ತಾನಾಗಿಯೇ ಪಾಠಕ್ಕೂ ಪುನರಾವರ್ತನೆಗೂ ನಡುವೆ ಅಂತರ ಇಟ್ಟುಕೊಟ್ಟಿದೆ. ಆ ಅಂತರದ ಕೊನೆಯಲ್ಲಿ ಮರಳಿ ಬರುವುದೊಂದನ್ನು ನಾವು ಕಲಿಸಿಲ್ಲ.

ತಿದ್ದಿಕೊಳ್ಳುವುದು ಎಂದೆ, ಅದನ್ನು ಒತ್ತಿ ಹೇಳಬೇಕು. ನೆನಪಿಸಿಕೊಂಡು ಬರೆದ ಉತ್ತರವನ್ನು ಪುಸ್ತಕದೊಡನೆ ಹೋಲಿಸಿ ನೋಡದಿದ್ದರೆ ತಪ್ಪೇ ಗಟ್ಟಿಯಾಗುವ ಅಪಾಯವಿದೆ. ಬೇರೆ ಬಣ್ಣದ ಪೆನ್ನಿನಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ, ಮೂರು ದಿನ ಬಿಟ್ಟು ಅದೇ ಪ್ರಶ್ನೆಗೆ ಮತ್ತೆ ಬರೆಯಬೇಕು.

ಗಣಿತದಲ್ಲಿ ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಅಧ್ಯಾಯ ಮಾಡುವಾಗ ಮಕ್ಕಳು ಸಿಲಿಂಡರಿನ ಲೆಕ್ಕಗಳನ್ನೆಲ್ಲ ಒಟ್ಟಿಗೆ, ಶಂಕುವಿನ ಲೆಕ್ಕಗಳನ್ನೆಲ್ಲ ಒಟ್ಟಿಗೆ ಮಾಡುತ್ತಾರೆ. ನಾಲ್ಕನೆಯ ಲೆಕ್ಕದ ಹೊತ್ತಿಗೆ ಸೂತ್ರ ಯಾವುದೆಂದು ಯೋಚಿಸಬೇಕಾದ ಅಗತ್ಯವೇ ಇರುವುದಿಲ್ಲ, ಅಂಕಿಗಳನ್ನು ತುಂಬಿದರಾಯಿತು. ಪರೀಕ್ಷೆಯಲ್ಲಿಯಾದರೋ ಸಮಾಂತರ ಶ್ರೇಢಿಯ ಪಕ್ಕದಲ್ಲಿ ವರ್ಗಸಮೀಕರಣ, ಅದರ ಪಕ್ಕದಲ್ಲಿ ಸಂಭವನೀಯತೆ. ಮೊದಲು ತೀರ್ಮಾನಿಸಬೇಕಾದದ್ದೇ ಇದು ಯಾವ ಬಗೆಯ ಲೆಕ್ಕ ಎಂಬುದನ್ನು. ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಅಪರಿಚಿತ ಘನಾಕೃತಿಗಳ ಘನಫಲ ಕಂಡುಹಿಡಿಯಲು ಕಲಿಸಲಾಯಿತು. ಒಂದೊಂದು ಬಗೆಯನ್ನೇ ಸಾಲಾಗಿ ಮಾಡಿದವರು ಅಭ್ಯಾಸದ ವೇಳೆ ಶೇಕಡಾ 89 ಸರಿಯಾಗಿ ಬಿಡಿಸಿದರು, ಬೆರೆಸಿ ಮಾಡಿದವರು ಶೇಕಡಾ 60 ಮಾತ್ರ. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರಿಗೆ ಶೇಕಡಾ 20, ಬೆರೆಸಿ ಮಾಡಿದವರಿಗೆ 63. ಹಾಕಿ ಆಡುವ ನಮ್ಮ ಮಕ್ಕಳಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಪೆನಾಲ್ಟಿ ಕಾರ್ನರ್ ಒಂದನ್ನೇ ಬೆಳಗಿಡೀ ಹೊಡೆದವನ ಹೊಡೆತ ಚೆನ್ನಾಗಿ ಕೂರುತ್ತದೆ, ಆದರೆ ಪಂದ್ಯದಲ್ಲಿ ಚೆಂಡು ಯಾವ ಕಡೆಯಿಂದ ಬರುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ಆಡಿ ಆಡಿ ಕಣ್ಣು ಪಳಗಿದವನೇ ಅಲ್ಲಿ ನಿಲ್ಲುತ್ತಾನೆ. ಹಾಗಾಗಿ ಹೊಸ ಅಧ್ಯಾಯದ ಐದು ಲೆಕ್ಕಗಳ ಜೊತೆಗೆ ಹಳೆಯ ಅಧ್ಯಾಯಗಳಿಂದ ಮೂರನ್ನು ಕಣ್ಣುಮುಚ್ಚಿ ಆರಿಸಿ ಮಾಡಬೇಕೆಂದು ನಾನು ಹೇಳುತ್ತೇನೆ. ಮೊದಮೊದಲು ತಪ್ಪುಗಳು ಹೆಚ್ಚಾಗುತ್ತವೆ, ಮಕ್ಕಳು ಬೇಸರಿಸುತ್ತಾರೆ. ಅಭ್ಯಾಸ ಕಷ್ಟವೆನಿಸುತ್ತಿದೆ ಎಂಬುದು ಕಲಿಕೆ ನಡೆಯುತ್ತಿಲ್ಲ ಎಂಬುದರ ಗುರುತಲ್ಲ ಎಂದು ಆಗ ಪಕ್ಕದಲ್ಲಿ ನಿಂತು ಹೇಳುವ ಹಿರಿಯರೊಬ್ಬರು ಬೇಕು.

ಮನೋವಿಜ್ಞಾನಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಅಧ್ಯಯನ ಕ್ರಮಗಳನ್ನು ಒಂದೊಂದಾಗಿ ಪರಿಶೀಲಿಸಿ, ಸ್ವಯಂಪರೀಕ್ಷೆ ಮತ್ತು ಹರಡಿದ ಅಭ್ಯಾಸ ಎರಡಕ್ಕೆ ಮಾತ್ರ ಉನ್ನತ ಸ್ಥಾನ ಕೊಟ್ಟರು. ಮರುಓದು ಮತ್ತು ಗೆರೆ ಎಳೆಯುವುದು ಕೆಳಗಿನ ಸಾಲಿನಲ್ಲಿವೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸುವ ಮಾತು ನಮ್ಮ ತರಬೇತಿಗಳಲ್ಲಿಯೂ ಕೇಳಿಬರುತ್ತದೆ. ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಆಧಾರವಿಲ್ಲವೆಂದು 2008ರಲ್ಲಿಯೇ ಹೆರಾಲ್ಡ್ ಪಾಶ್ಲರ್ ಮತ್ತಿತರರ ಸಮೀಕ್ಷೆ ತೋರಿಸಿದೆ, ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಗುಂಪು ಅಧ್ಯಯನದ ಬಗ್ಗೆಯೂ ಹೆಚ್ಚು ಹೇಳಬೇಕಿಲ್ಲ: ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವುದಾದರೆ ಉಪಯುಕ್ತ, ಸುತ್ತ ಕೂತು ಬೇರೆ ಬೇರೆ ಪುಟ ಓದುವುದಾದರೆ ಏನೂ ಇಲ್ಲ.

ನಿದ್ರೆಯ ವಿಷಯದಲ್ಲಿ ಮಾತ್ರ ನಾನು ಪೋಷಕರೊಡನೆ ವಾದಕ್ಕೆ ನಿಲ್ಲುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಓದಿಸಿದರೆ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಒಂಬತ್ತಕ್ಕೆ ಮಲಗಿದ ಮಗುವನ್ನು ಐದೂವರೆಗೆ ಎಬ್ಬಿಸಿದರೆ ನನ್ನ ತಕರಾರಿಲ್ಲ. ಹನ್ನೊಂದಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸುವುದು ಮಗುವಿನ ಕಲಿಕೆಯನ್ನೇ ಕಡಿಯುತ್ತದೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಯ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಶಿಫಾರಸು ಮಾಡಿತು. ಹದಿಹರೆಯದಲ್ಲಿ ನಿದ್ರೆ ಬರುವ ಹೊತ್ತೇ ಶರೀರದ ಒಳಗಡಿಯಾರದ ಬದಲಾವಣೆಯಿಂದಾಗಿ ತಡವಾಗುತ್ತದೆ, ಅದು ಸೋಮಾರಿತನವಲ್ಲ. ಹಗಲಿನಲ್ಲಿ ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ನೆರವಾಗುತ್ತದೆ. ತಿತಿಮತಿ, ಮಾಲ್ದಾರೆ ಕಡೆಯ ಮಕ್ಕಳು ಆನೆಯ ಭಯದಿಂದ ಬೆಳಕು ಹರಿಯುವವರೆಗೂ ಮನೆಯಿಂದ ಹೊರಡಲಾರದೆ, ಆಮೇಲೆ ಓಡೋಡಿ ಬಸ್ಸು ಹಿಡಿದು ಬಂದು ಎರಡನೆಯ ಪೀರಿಯಡ್ಡಿನಲ್ಲಿ ತೂಕಡಿಸುವುದನ್ನು ನೋಡಿದರೆ, ಆ ಮಗುವಿಗೆ ಇನ್ನೊಂದು ಗಂಟೆ ಓದು ಎಂದು ಹೇಳುವ ಮನಸ್ಸಾಗುವುದಿಲ್ಲ.

ಮೊಬೈಲು 2020ರಲ್ಲಿ ಶಾಲೆ ಮುಚ್ಚಿದ್ದಾಗ ಪಾಠದ ನೆಪದಲ್ಲಿ ಮಕ್ಕಳ ಕೈ ಸೇರಿತು, ಶಾಲೆ ತೆರೆದ ಮೇಲೂ ಅಲ್ಲಿಯೇ ಉಳಿಯಿತು. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ, ಮನೆ ಒಂದೇ ಕೋಣೆಯದಾದರೆ ಅಮ್ಮನ ಬಳಿ ಇರಲಿ. ಇದಕ್ಕಿಂತ ಹೆಚ್ಚಿನ ಉಪದೇಶ ಕೆಲಸ ಮಾಡುವುದಿಲ್ಲ.

ಅಂಕಗಳ ಲೆಕ್ಕಕ್ಕೆ ಬರೋಣ. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ ನೂರರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ರಾಜ್ಯದ ಫಲಿತಾಂಶ 2023ರಲ್ಲಿ ಶೇಕಡಾ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದ ಮೂಲಕ ನೇರವಾಗಿ ಗಮನಿಸುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಕೃಪಾಂಕ (ಗ್ರೇಸ್ ಮಾರ್ಕ್ಸ್) ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು, ಕೃಪಾಂಕ ನಿಂತ 2025ರ ಮೊದಲ ಪರೀಕ್ಷೆಯಲ್ಲಿ 62.34ಕ್ಕೆ ಬಂತು. ಕೊಡಗು ರಾಜ್ಯದ ಸರಾಸರಿಗಿಂತ ಮೇಲಿನ ಸಾಲಿನಲ್ಲಿಯೇ ಉಳಿದಿದೆ ಎಂದು ನಾವು ಸಮಾಧಾನಪಟ್ಟುಕೊಳ್ಳಬಹುದಾದರೂ, ಹೊರಗಿನ ಆಸರೆ ಇಲ್ಲದಾಗ ಮಗುವಿನ ಬಳಿ ಸ್ವಂತದ್ದು ಎಷ್ಟಿದೆ ಎಂಬ ಪ್ರಶ್ನೆಯನ್ನು ಈ ಅಂಕಿಗಳು ಎಲ್ಲ ಶಾಲೆಗಳ ಮುಂದೆ ಇಟ್ಟಿವೆ. ಡಿಸೆಂಬರ್ ಬಂತೆಂದರೆ ನಾವು ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ "ಪಾಸಿಂಗ್ ಪ್ಯಾಕೇಜ್" ಹಂಚುತ್ತೇವೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ ಯಾವ ಅಧ್ಯಾಯ ಬಿಡಬಹುದೆಂದು ಲೆಕ್ಕ ಹಾಕುತ್ತೇವೆ. ತೀರ ಹಿಂದುಳಿದ ಮಗುವಿಗೆ ಅದು ದಡ ಮುಟ್ಟಿಸುವ ಉಪಾಯವಿರಬಹುದು. ಆದರೆ ಕಲಿಕೆಯ ನಡುವೆಯೇ ವರ್ಷದಲ್ಲಿ ನಾಲ್ಕು ಸಲ ನಡೆಯುವ ರೂಪಣಾತ್ಮಕ ಮೌಲ್ಯಮಾಪನವನ್ನು ಬರಿಯ ದಾಖಲೆ ತುಂಬುವ ಕೆಲಸವಾಗಿಸದೆ, ಹಿಂದಿನ ತಿಂಗಳ ಪಾಠಗಳೂ ಸೇರುವ ಪರೀಕ್ಷೆಯಾಗಿ ಮಾಡಿದರೆ ಮಕ್ಕಳು ತಾವಾಗಿಯೇ ಹಳೆಯದಕ್ಕೆ ಮರಳುತ್ತಾರೆ. ನಾನು ತರಗತಿಯ ಮೊದಲ ಐದು ನಿಮಿಷ ಅಂಕವಿಲ್ಲದ ನಾಲ್ಕು ಪ್ರಶ್ನೆ ಕೊಡುತ್ತೇನೆ: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು, ಒಂದು ಒಂಬತ್ತನೆಯ ತರಗತಿಯದು. ಅಂಕವಿಲ್ಲದ್ದರಿಂದ ಭಯವಿಲ್ಲ, ನಕಲು ಮಾಡುವ ಕಾರಣವೂ ಇಲ್ಲ. ಪಾಠ ಮುಗಿಸುವ ಒತ್ತಡದಲ್ಲಿ ಇದಕ್ಕೆ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮುಗಿಸಿದ ಪಾಠವನ್ನು ಫೆಬ್ರವರಿಯಲ್ಲಿ ಮೊದಲಿನಿಂದ ಕಲಿಸುವ ಸಮಯ ಇದರಿಂದ ಉಳಿಯುತ್ತದೆ ಎಂಬುದು ನನ್ನ ಉತ್ತರ.

ಇಷ್ಟೆಲ್ಲ ಹೇಳಿದ ಮೇಲೂ, ಓದುವ ಕ್ರಮ ಸರಿಯಾದರೆ ಎಲ್ಲವೂ ಸರಿಯಾದೀತು ಎಂದು ನಾನು ನಂಬುವುದಿಲ್ಲ. ಲೈನ್‌ಮನೆಯ ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಕಡೆ, ಒಂದೇ ಬಲ್ಬಿನ ಕೆಳಗೆ ಅಡುಗೆಯೂ ಟಿ.ವಿ.ಯೂ ಜಗಳವೂ ನಡೆಯುವ ಕಡೆ ಹುಡುಗಿಗೆ ಪುಸ್ತಕ ತೆರೆಯಲೂ ಜಾಗವಿಲ್ಲ, ಮುಚ್ಚಿ ಯೋಚಿಸಲೂ ಮೌನವಿಲ್ಲ. ಅವಳಿಗೆ ಅಭ್ಯಾಸದ ಬಗ್ಗೆ ಬೋಧಿಸಿ ಜಾಗದ ಬಗ್ಗೆ ಸುಮ್ಮನಿರುವುದು ನ್ಯಾಯವಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರವೆಂದು ಹೆಸರಾದ ಗ್ರಂಥಾಲಯಗಳಿವೆ, ಮೇಜು ಕುರ್ಚಿಗಳಿವೆ, ಕೆಲವೆಡೆ ಕಂಪ್ಯೂಟರುಗಳೂ ಇವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಅಂದರೆ ಕುಯ್ಲಿನ ಮತ್ತು ಪರೀಕ್ಷೆಯ ತಿಂಗಳುಗಳಲ್ಲಿ, ಅವುಗಳಲ್ಲೊಂದು ಸಂಜೆ ಐದರಿಂದ ಏಳರವರೆಗೆ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗಾಗಿ ತೆರೆದಿದ್ದರೆ ಸಾಕು. ಪಾಠ ಮಾಡುವವರು ಬೇಕಾಗಿಲ್ಲ, ಪ್ರಶ್ನೆಗಳ ಒಂದು ಪೆಟ್ಟಿಗೆ ಮತ್ತು ಶಾಂತವಾಗಿ ಕೂರಿಸುವ ಒಬ್ಬ ಹಿರಿಯರಿದ್ದರೆ ಆಯಿತು. ಏಳು ಗಂಟೆಗೆ ಕತ್ತಲಾಗಿರುತ್ತದೆ, ಆನೆ ಓಡಾಡುವ ಹಾದಿಗಳಲ್ಲಿ ಮಕ್ಕಳನ್ನು ಒಂಟಿಯಾಗಿ ಕಳುಹಿಸಲಾಗದು. ತೋಟದಿಂದ ಕಾರ್ಮಿಕರನ್ನು ಕರೆದೊಯ್ಯುವ ಜೀಪುಗಳು ಹೇಗೂ ಅದೇ ದಾರಿಯಲ್ಲಿ ಓಡಾಡುತ್ತವೆ. ತೋಟದ ಮಾಲೀಕರು ಮನಸ್ಸು ಮಾಡಿದರೆ ಮಕ್ಕಳನ್ನು ಮನೆ ಮುಟ್ಟಿಸಲು ಅವುಗಳಲ್ಲೊಂದು ಇನ್ನೊಂದು ಸುತ್ತು ಬರಬಹುದು. ಈ ಎರಡು ವಿಷಯಗಳನ್ನು ಬರೆದ ಮನವಿಯನ್ನು ನಮ್ಮ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಒಯ್ಯುತ್ತಿದ್ದೇನೆ. ಇದನ್ನು ಓದಿದ ಬೇರೆ ಊರುಗಳ ಪೋಷಕರೂ ಶಿಕ್ಷಕರೂ ತಮ್ಮ ಪಂಚಾಯಿತಿಯಲ್ಲಿ ಕುಯ್ಲು ಆರಂಭವಾಗುವುದಕ್ಕೆ ಮುಂಚೆಯೇ ಕೇಳಿ ನೋಡಬೇಕೆಂದು ವಿನಂತಿಸುತ್ತೇನೆ.